ಉಪ್ಪಿನಲ್ಲಿ ಇಟ್ಟ ಎಲೆ

ನಮ್ಮ ಆಫೀಸಿನ ಜಪಾನಿನ ಇಂಜಿನಿಯರ್ ರಜೆ ಮುಗಿಸಿ ಬಂದ ದಿನ ಪ್ಯಾಂಟ್ರಿಯ ಕಟ್ಟೆಯ ಮೇಲೆ ಒಂದು ರಟ್ಟಿನ ಡಬ್ಬಿ ಇಟ್ಟು ಹೋದರು. ದೋಹಾದ ಈ ಆಫೀಸಿನಲ್ಲಿ ನಾನು ಚಹಾ ಮಾಡಿ ಕೊಡುವವನು, ಪ್ಯಾಂಟ್ರಿ ನನ್ನ ಜಾಗ. ಅವರ ಪದ್ಧತಿ ನನಗೆ ಆಗಲೇ ಗೊತ್ತಿತ್ತು. ರಜೆಗೆ ಹೋದವರು ಬರುವಾಗ ತಮ್ಮ ಊರಿನ ತಿಂಡಿ ತರಬೇಕು, ಕೆಲಸದ ಜಾಗದಲ್ಲಿ ಎಲ್ಲರಿಗೂ ಒಂದೊಂದು ಸಿಗುವ ಹಾಗೆ ಹಂಚಬೇಕು. ಮ್ಯಾನೇಜರಿಗೆ ಎರಡಿಲ್ಲ, ಚಹಾದವನನ್ನು ಬಿಡುವುದೂ ಇಲ್ಲ. ಹಿಂದಿನ ಸಲಗಳಲ್ಲಿ ಬಿಸ್ಕೆಟಿನಂಥದ್ದು ಏನಾದರೂ ತರುತ್ತಿದ್ದರು. ಈ ಸಲ ತೆರೆದು ನೋಡಿದರೆ ಸಣ್ಣ ಸಣ್ಣ ಪೊಟ್ಟಣಗಳಲ್ಲಿ ಎಲೆಗಳಿದ್ದವು.

ಎಲೆಯ ಆಕಾರದ ತಿಂಡಿ ಅಂದುಕೊಂಡೆ. ಅಲ್ಲ, ಎಲೆಗಳೇ. ಬೆರಳು ಅಗಲಿಸಿದ ಮಗುವಿನ ಅಂಗೈಯಂತೆ ಇದ್ದವು. ತೊಟ್ಟು ಕೂಡ ಹಾಗೇ ಇತ್ತು. ಮೈಗೆಲ್ಲ ಹಿಟ್ಟು ಹಿಡಿದು, ಎಣ್ಣೆಯಲ್ಲಿ ಕಂದುಬಣ್ಣಕ್ಕೆ ತಿರುಗಿ, ಅಲ್ಲಲ್ಲಿ ಎಳ್ಳು ಅಂಟಿತ್ತು. ನಮ್ಮ ಕಡೆ ಪೋಡಿ, ಅಂದರೆ ಬಜ್ಜಿ, ಕರಿಯುತ್ತೇವಲ್ಲ, ಹಾಗೆ ಕರಿದದ್ದು.

ಲೆಕ್ಕಪತ್ರ ನೋಡುವ ಬೆಂಗಳೂರಿನವರು ಒಬ್ಬರು ಕಾಫಿಗೆ ಬಂದವರು ಪೊಟ್ಟಣವನ್ನು ಎತ್ತಿ ಬೆಳಕಿಗೆ ಹಿಡಿದರು.

"ಎಲೆ ತಿನ್ನೋಕೆ ನಾವೇನು ಆಡೇನಪ್ಪಾ? ನೀನೇ ಇಟ್ಕೋ ನಂದೂನೂ."

ಫೋಟೋ ಮಾತ್ರ ತೆಗೆದುಕೊಂಡು ಹೋದರು. ನನಗೆ ಎಲೆ ತಿನ್ನುವುದು ಹೊಸದಲ್ಲ. ಕೆಸುವಿನ ಎಲೆಯ ಪತ್ರೊಡೆ, ಸಾಂಬ್ರಾಣಿ, ಅಂದರೆ ದೊಡ್ಡಪತ್ರೆ ಎಲೆಯ ಪೋಡಿ ತಿಂದು ಬೆಳೆದವನು. ಒಂದನ್ನು ಬಾಯಿಗೆ ಹಾಕಿದೆ. ಗರಿಗರಿ, ಸಿಹಿ, ಎಳ್ಳಿನ ಘಮ. ಎಲೆಯದ್ದು ಎನ್ನುವ ರುಚಿ ಹುಡುಕಿದರೂ ಸಿಗಲಿಲ್ಲ. ಆದರೆ ಸಿಹಿ ಇಳಿದ ಮೇಲೆ ನಾಲಿಗೆಯ ಬುಡದಲ್ಲಿ ಚೂರು ಉಪ್ಪು ಉಳಿಯಿತು. ಹಿಟ್ಟಿನ ಉಪ್ಪಲ್ಲ, ಒಳಗಿನಿಂದ ಬಂದದ್ದು.

ಇಂಜಿನಿಯರ್ ತಮ್ಮ ಸಕ್ಕರೆ ಇಲ್ಲದ ಚಹಾಕ್ಕೆ ಬಂದಾಗ ಇದೇನು ಎಂದು ಕೇಳಿದೆ. ನನ್ನ ಇಂಗ್ಲಿಷ್ ಅರ್ಧ, ಅವರದ್ದು ಅದಕ್ಕಿಂತ ಸ್ವಲ್ಪ ಹೆಚ್ಚು. ಫೋನಿನಲ್ಲಿ ತೋರಿಸಿದರು. ಒಸಾಕಾ ನಗರದ ಹತ್ತಿರ ಒಂದು ಬೆಟ್ಟ, ಜಲಪಾತಕ್ಕೆ ಹೋಗುವ ದಾರಿ, ದಾರಿಯ ಬದಿಯಲ್ಲಿ ಬಾಣಲೆ ಇಟ್ಟುಕೊಂಡು ಕರಿಯುತ್ತಿರುವ ಹೆಂಗಸು. ಆ ಬೆಟ್ಟದ ಬುಡದಲ್ಲಿ ಬಿಟ್ಟರೆ ಬೇರೆಲ್ಲೂ ಇದನ್ನು ಮಾಡುವುದು ಕಡಿಮೆಯಂತೆ. ಜಪಾನಿನ ಬೇರೆ ಊರಿನವರೇ ಇದನ್ನು ಕಂಡು ನಗುತ್ತಾರಂತೆ. ನೆಲಕ್ಕೆ ಬಿದ್ದ ಎಲೆಯಲ್ಲ, ಇದಕ್ಕೆಂದೇ ಬೆಳೆಸಿದ ಮೇಪಲ್ ಮರದ್ದು. ಆಮೇಲೆ ಅವರು ಒಂದು ಬೆರಳೆತ್ತಿ 'ಒನ್ ಇಯರ್' ಅಂದರು, ನನ್ನ ಕಟ್ಟೆಯ ಮೇಲಿದ್ದ ಉಪ್ಪಿನ ಡಬ್ಬಿ ತೋರಿಸಿದರು. ಎಲೆಯನ್ನು ಒಂದು ವರ್ಷ ಉಪ್ಪಿನಲ್ಲಿ ಇಡುತ್ತಾರೆ. ಮತ್ತೆ ನೀರಿನಲ್ಲಿ ಹಾಕಿ ಉಪ್ಪು ಬಿಡಿಸಿ ಕರಿಯುತ್ತಾರೆ. ಸೂಟ್‌ಕೇಸಿನಲ್ಲಿ ಹಾಕಿದರೆ ಪುಡಿಯಾಗುತ್ತದೆಂದು ವಿಮಾನದಲ್ಲಿ ಬರುವ ತನಕ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರಂತೆ. ಅದನ್ನು ಅವರು ದೊಡ್ಡ ವಿಷಯದ ಹಾಗೆ ಹೇಳಲಿಲ್ಲ. ತಿಂಡಿ ತರುವುದೆಂದರೆ ಹಾಗೆಯೇ ಎಂಬಂತೆ ಹೇಳಿ, ಲೋಟ ಎತ್ತಿಕೊಂಡು ಹೋದರು.

ನನಗೆ ಮಾತ್ರ ಆ ದಿನ ಕೆಲಸ ಕೈಗೆ ಹತ್ತಲಿಲ್ಲ. ಸಕ್ಕರೆ ಬೇಡದವರಿಗೆ ಸಕ್ಕರೆ ಹಾಕಿ ಕೊಟ್ಟೆ.

ಉಪ್ಪಿನಲ್ಲಿ ಇಟ್ಟು ಕಾಯುವುದು ನಮ್ಮ ಮನೆಯಲ್ಲೂ ಇತ್ತು. ನಮ್ಮ ಮನೆ ಕಾರ್ಕಳದ ಕಡೆ. ಬಲಿತ ಹಲಸಿನಕಾಯಿಯ ಸೊಳೆಗಳನ್ನು ಅಮ್ಮ ಬೇಸಿಗೆಯಲ್ಲಿ ಭರಣಿಗೆ ಹಾಕಿ ಉಪ್ಪು ತುಂಬಿ ಬಾಯಿ ಕಟ್ಟಿ ಇಡುತ್ತಿದ್ದಳು. ತುಳುವಿನಲ್ಲಿ ಉಪ್ಪಡ್ ಪಚ್ಚಿಲ್ ಎನ್ನುತ್ತೇವೆ, ಕನ್ನಡದಲ್ಲಿ ಉಪ್ಪು ಸೊಳೆ. ಆಟಿ ತಿಂಗಳಲ್ಲಿ, ಹೊರಗೆ ಕಾಲಿಡಲಾಗದ ಮಳೆಯಲ್ಲಿ, ಭರಣಿ ತೆರೆಯುತ್ತಿದ್ದಳು. ತೆರೆದಾಗಿನ ವಾಸನೆ ಗೊತ್ತಿಲ್ಲದವರಿಗೆ ತಡೆಯಲಿಕ್ಕಾಗುವುದಿಲ್ಲ. ರಾತ್ರಿಯಿಡೀ ನೀರಿನಲ್ಲಿ ಹಾಕಿ ಉಪ್ಪು ಬಿಡಿಸಿ, ಅಕ್ಕಿ ಮತ್ತು ಕಾಯಿ ಸೇರಿಸಿ ರುಬ್ಬಿ, ಗೋಲಿಯಷ್ಟು ಉಂಡೆ ಮಾಡಿ ಎಣ್ಣೆಯಲ್ಲಿ ಕರಿದರೆ ಅದು ಉಂಡ್ಲಕಾಳು. ನನಗೂ ಅಕ್ಕನಿಗೂ ಅದರ ಪಾಲಿಗಾಗಿ ಆಗದ ಜಗಳವಿಲ್ಲ.

ಅಕ್ಕ ಓದಿದವಳು. ನನಗೆ ಶಾಲೆ ಹಿಡಿಸಲಿಲ್ಲ. ಏಳನೆಯ ತರಗತಿಯ ಮೇಲೆ ಹೋಗದೆ ಹೋಟೆಲ್ ಸೇರಿದೆ. ಅದಕ್ಕೆ ಯಾರೂ ಕಾರಣರಲ್ಲ. ಅಕ್ಕನೇ ಮೊದಲು ದೋಹಾಕ್ಕೆ ಬಂದಳು, ಒಂದು ಕಂಪೆನಿಯ ಆಫೀಸಿನಲ್ಲಿ ಕೆಲಸ. ಆಮೇಲೆ ನನ್ನನ್ನೂ ಕರೆಸಿಕೊಂಡಳು. ಇಲ್ಲಿಯೇ ಅವಳಿಗೆ ಮೈಸೂರಿನ ಕಡೆಯ ಒಬ್ಬರ ಪರಿಚಯವಾಗಿ ಮದುವೆಯೂ ಆಯಿತು. ರಿಜಿಸ್ಟರ್ ಆದ ಮೇಲೆ ಅಮ್ಮನಿಗೆ ಫೋನ್ ಮಾಡಿ ಹೇಳಿದಳು. ಅಮ್ಮನಿಗೆ ಸಿಟ್ಟು ಬಂದದ್ದು ಭಾವ ಬೇರೆ ಜಾತಿಯವರೆಂದು ಮಾತ್ರವಲ್ಲ, ಮೊದಲು ಹೇಳಲಿಲ್ಲವಲ್ಲ ಎಂದು. ಇಬ್ಬರಿಗೂ ಹಟ. ಮಾತು ನಿಂತಿತು. ನಾನು ನಡುವೆ ಉಳಿದೆ. ಅಲ್ಲಿಯ ಸುದ್ದಿ ಇಲ್ಲಿಗೆ, ಇಲ್ಲಿಯದು ಅಲ್ಲಿಗೆ ಮುಟ್ಟಿಸುವವನು ನಾನೊಬ್ಬನೇ.

ಅಕ್ಕ ಬಸುರಿಯಾದಾಗ ನನಗೆ ರಜೆ ಸಿಕ್ಕಿತು. ಹೊರಡುವ ಮೊದಲು ಅವಳು ಒಂದೇ ಮಾತು ಹೇಳಿದಳು. ಬಾಯಿಗೆ ಏನೂ ಸೇರುವುದಿಲ್ಲ, ಉಂಡ್ಲಕಾಳು ತಿನ್ನಬೇಕು ಅನಿಸುತ್ತದೆ ಎಂದು. ಆಮೇಲೆ ಕೂಡಲೇ, ಅಮ್ಮನ ಹತ್ತಿರ ಕೇಳಬೇಡ, ಅವಳಾಗಿ ಕೊಟ್ಟರೆ ಮಾತ್ರ ತಾ ಅಂದಳು. ಬಸುರಿಯ ಬಯಕೆಯನ್ನು ತವರು ತಾನಾಗಿಯೇ ತಿಳಿದು ತೀರಿಸಬೇಕು ಎನ್ನುವುದು ನಮ್ಮಲ್ಲಿಯ ಲೆಕ್ಕ.

ನಾನು ಊರಿನಲ್ಲಿ ಸುದ್ದಿ ಹೇಳಿದೆ, ಬೇರೇನೂ ಕೇಳಲಿಲ್ಲ. ಅಮ್ಮ ಬೀಡಿ ಕಟ್ಟುತ್ತಿದ್ದವಳು ತಲೆ ಎತ್ತಲಿಲ್ಲ. ಆದರೆ ನಾನು ಹೊರಡುವ ದಿನ ಭರಣಿ ಬಗ್ಗಿಸಿ, ಅಡಿಯಲ್ಲಿ ಉಳಿದಿದ್ದ ಸೊಳೆಯನ್ನೆಲ್ಲ ಬಳಿದು ಒಂದು ಪ್ಲಾಸ್ಟಿಕ್ ಬಾಟಲಿಗೆ ತುಂಬಿದಳು. ಮುಚ್ಚಳ ಹಾಕಿ, ಅದರ ಮೇಲೆ ಬೀಡಿ ನೂಲನ್ನು ಸುತ್ತಿದಳು, ಮತ್ತೆ ಸುತ್ತಿದಳು, ಬಣ್ಣದ ಪಟ್ಟಿಯ ಹಾಗೆ ಕಾಣುವಷ್ಟು. ನನ್ನ ಕೈಗೆ ಕೊಟ್ಟು, "ಅವಳಿಗೆ" ಎಂದಳು. ಅಷ್ಟೇ.

ನನಗೆಂದು ಏನೂ ಇರಲಿಲ್ಲ.

ದೋಹಾದ ನಜ್ಮಾದಲ್ಲಿ ನಾವು ಕೆಲವರು ಒಂದು ಕೋಣೆಯಲ್ಲಿ ಇದ್ದೇವೆ. ರಜೆ ಮುಗಿಸಿ ನಾನು ಬಂದಿಳಿದದ್ದು ಇಲ್ಲಿಯ ಉರಿಬೇಸಿಗೆಯಲ್ಲಿ. ಎಸಿ ಹಾಕಿ ಕಿಟಕಿ ಬಾಗಿಲು ಮುಚ್ಚಿ ಕೂರುವ ಕಾಲ. ದಾರಿಯ ಸೆಕೆಗೆ ಬಾಟಲಿ ಉಬ್ಬಿ, ಮುಚ್ಚಳದ ಸಂದಿಯಿಂದ ಉಪ್ಪುನೀರು ಜಿನುಗಿ ನನ್ನ ಎರಡು ಅಂಗಿ ಒದ್ದೆಯಾಗಿದ್ದವು. ಶುಕ್ರವಾರ ರಜೆಯಿದ್ದಾಗ ಅಕ್ಕನ ಮನೆಗೆ ಒಯ್ಯೋಣ ಎಂದು ಮಂಚದ ಅಡಿ ಇಟ್ಟೆ. ಮಾರನೆಯ ದಿನವೇ ಕೋಣೆಯಲ್ಲಿ ಕೂರಲು ಆಗಲಿಲ್ಲ. ಕಣ್ಣೂರಿನ ಒಬ್ಬ ಮೂಗು ಮುಚ್ಚಿಕೊಂಡು, ನಿನ್ನ ಮಂಚದ ಅಡಿ ಏನು ಸತ್ತಿದೆ, ಊರಿನಿಂದ ಹೆಣ ತಂದೆಯಾ ಎಂದು ಹಿಂದಿಯಲ್ಲಿ ಕೇಳಿದ. ಎಲ್ಲರೂ ನಕ್ಕರು. ನೇಪಾಳದವನು ಕೂಡ ನಕ್ಕ. ಅವನು ಯಾರನ್ನೂ ನೋಡಿ ನಗುವವನಲ್ಲ. ನಾನೂ ನಕ್ಕೆ. "ಖಲಾಸ್, ಈಗ ತೆಗೀತೇನೆ" ಎಂದು ಬಾಟಲಿಯನ್ನು ಎತ್ತಿಕೊಂಡು ಹೋಗಿ ಕಟ್ಟಡದ ಹಿಂದಿನ ಕಸದ ತೊಟ್ಟಿಗೆ ಹಾಕಿದೆ.

ಮೂರು ಮನೆ ಆಚೆ ನಮ್ಮೂರಿನವರ ಕೆಫೆಟೀರಿಯಾ ಇತ್ತು, ಅಲ್ಲಿಯ ಫ್ರಿಜ್ಜಿನಲ್ಲಿ ಇಡಬಹುದಿತ್ತು. ಆ ಸಂಜೆಯೇ ಬಸ್ ಹತ್ತಿ ಅಕ್ಕನ ಮನೆಗೆ ಕೊಟ್ಟು ಬರಬಹುದಿತ್ತು. ಇದೆಲ್ಲ ಆಗಲೂ ಹೊಳೆದಿತ್ತು. ವಾಸನೆ ಒಂದು ನೆಪ. ತಿಂಗಳು ತಿಂಗಳು ದುಡ್ಡು ಕಳಿಸುವವನು ನಾನು, ಬೆನ್ನುನೋವು ಎಂದರೆ ಎಣ್ಣೆ ಕಳಿಸುವವನು ನಾನು. ಕೇಳದೆ ಮದುವೆಯಾದವಳಿಗೆ ಭರಣಿಯ ತಳ ಬಳಿದು ಕೊಟ್ಟಳಲ್ಲ ಎನ್ನುವುದು ವಿಮಾನದಲ್ಲಿಯೇ ನನ್ನ ಎದೆಯಲ್ಲಿ ಕೂತಿತ್ತು. ತೊಟ್ಟಿಗೆ ಹಾಕುವಾಗ ಕೈ ಹಿಂಜರಿಯಲಿಲ್ಲ ಎಂಬುದನ್ನು ಇಲ್ಲಿ ಬರೆಯದಿದ್ದರೆ ಉಳಿದದ್ದನ್ನು ಬರೆದು ಪ್ರಯೋಜನವಿಲ್ಲ.

ಆದರೂ ಅದು ಬರೀ ಒಂದು ಬಾಟಲಿಯ ವಿಷಯವಾಗಿ ಮುಗಿಯಬಹುದಿತ್ತು. ಶುಕ್ರವಾರ ಮುಐದರ್‌ಗೆ ಹೋದೆ. ಅಲ್ಲಿ ಒಂದು ವಿಲ್ಲಾದ ಹಿಂಬದಿಯಲ್ಲಿ ಅಕ್ಕನ ಸಂಸಾರ. ಚಪ್ಪಲಿ ಬಿಡುವ ಮೊದಲೇ ಅವಳು ನನ್ನ ಕೈ ನೋಡಿದಳು. ಭಾವ ಪಕ್ಕದಲ್ಲಿ ಇದ್ದರು.

"ಅಮ್ಮ ಎಂತಾದ್ರೂ ಕೊಟ್ಟಿದ್ದಾಳಾ?"

"ಇಲ್ಲ."

ಚೆಲ್ಲಿಹೋಯಿತು ಎನ್ನಬಹುದಿತ್ತು, ಏರ್‌ಪೋರ್ಟಿನಲ್ಲಿ ತೆಗೆದರು ಎನ್ನಬಹುದಿತ್ತು. ಸುಳ್ಳಾದರೂ ಅಕ್ಕನ ಕಣ್ಣಿನಲ್ಲಿ ಅಮ್ಮ ಉಳಿಯುತ್ತಿದ್ದಳು. ಆದರೆ ಬಾಯಿಗೆ ಬಂದದ್ದು ಅದೊಂದೇ ಮಾತು. ಅಕ್ಕ ಒಳಗೆ ಹೋದಳು. ಭಾವ ಟಿವಿಯ ಧ್ವನಿ ಜಾಸ್ತಿ ಮಾಡಿದರು. ಆ ಸಂಜೆ ಅಮ್ಮ ನನಗೆ ಫೋನ್ ಮಾಡಿ ತಿಂದಳಾ ಎಂದು ಕೇಳಿದಳು. ತಿಂದಳು ಎಂದೆ. ಏನು ಹೇಳಿದಳು ಎಂದಳು. ಚೆನ್ನಾಗಿತ್ತು ಅಂದಳು ಎಂದೆ. ಅಮ್ಮ ಫೋನ್ ಇಡಲಿಲ್ಲ, ಇನ್ನೂ ಏನೋ ಬರುತ್ತದೆ ಎಂದು ಕಾಯುತ್ತಿದ್ದಳು.

ಮಗು ಹುಟ್ಟಿದಾಗ, ಬಾಣಂತನಕ್ಕೆ ಬರಲಾ ಎಂದು ಅಮ್ಮ ನನ್ನ ಮೂಲಕ ಕೇಳಿಸಿದಳು. ಬಯಕೆಗೆ ಬಾರದವಳು ಬಾಣಂತನಕ್ಕೆ ಯಾಕೆ ಎಂದಳು ಅಕ್ಕ. ನಾನು ಅಮ್ಮನಿಗೆ ವೀಸಾ ಸಿಗುವುದಿಲ್ಲವಂತೆ ಎಂದೆ. ಒಮ್ಮೆ ಶುರುವಾದರೆ ಹಾಗೆಯೇ, ಒಂದಕ್ಕೆ ಆಸರೆಯಾಗಿ ಇನ್ನೊಂದು. ಅಮ್ಮನ ಮಟ್ಟಿಗೆ, ಮಗಳು ತಾನು ಕೊಟ್ಟದ್ದನ್ನು ತಿಂದಿದ್ದಾಳೆ, ಆದರೂ ಒಂದು ಫೋನ್ ಮಾಡಿಲ್ಲ. ಅಕ್ಕನ ಮಟ್ಟಿಗೆ, ತಾಯಿಗೆ ನಾಲ್ಕು ಸೊಳೆ ಕೊಡಲು ಮನಸ್ಸಾಗಲಿಲ್ಲ.

ಅಕ್ಕನ ಮಗಳಿಗೆ ಎರಡು ವರ್ಷವಾದಾಗ ಕಿವಿ ಸೋರಲು ಶುರುವಾಯಿತು. ಡಾಕ್ಟರು ಸೋಂಕು ಎಂದು ಹನಿ ಮದ್ದು ಬರೆದುಕೊಟ್ಟರು. ಭಾವನ ತಾಯಿ ಮೈಸೂರಿನಿಂದ ವಿಡಿಯೋ ಕಾಲಿನಲ್ಲಿ ಮಗುವಿನ ಕಿವಿಯ ಹತ್ತಿಯನ್ನು ನೋಡಿ, "ಬಸುರಿ ಬಯಕೆ ತೀರ್ಸ್ದೆ ಇದ್ರೆ ಮಗೂ ಕಿವಿ ಸೋರುತ್ತೆ ಕಣಮ್ಮ. ನಿಮ್ಮ ತಾಯಿ ಮನೆಯೋರು ಏನೂ ಕಳಿಸಿರ್ಲಿಲ್ವಾ?" ಎಂದರು. ಭಾವ ತಮ್ಮ ತಾಯಿಯ ಮಾತಿಗೆ ನಕ್ಕುಬಿಟ್ಟರು. ಅಕ್ಕ ನಗಲಿಲ್ಲ. ನಾನು ಅಲ್ಲೇ ಕೂತು ಬಾಳೆಹಣ್ಣು ತಿನ್ನುತ್ತಿದ್ದೆ. ಡಾಕ್ಟರು ಹೇಳಿದ್ದೇ ಸರಿ ಎಂದು ನನಗೂ ಗೊತ್ತು. ಆದರೆ ಆ ಮಗು ಕಿವಿ ಹಿಡಿದುಕೊಂಡು ಅತ್ತಾಗಲೆಲ್ಲ ನನಗೆ ಆ ಕಸದ ತೊಟ್ಟಿ ಕಾಣುತ್ತಿತ್ತು. ಕಿವಿ ವಾಸಿಯಾದ ಮೇಲೂ ಕಾಣುವುದು ನಿಲ್ಲಲಿಲ್ಲ.

ಹೀಗಿರುವಾಗ ಆ ಎಲೆ ಬಂತು. ಬೆಂಗಳೂರಿನವರು ಬಿಟ್ಟುಹೋದ ಪೊಟ್ಟಣವನ್ನು ಶುಕ್ರವಾರ ಅಕ್ಕನ ಮಗಳಿಗೆಂದು ತೆಗೆದುಕೊಂಡೆ. ಅಲ್ ಮನ್ಸೂರಾದಲ್ಲಿ ಮೆಟ್ರೊ ಹತ್ತಿ, ಇಳಿದು ಬಸ್ ಹಿಡಿದು ಹೋಗುವ ದಾರಿಯಿಡೀ ಅಂಗಿಯ ಜೇಬಿನಲ್ಲಿ ಅದು ಮುರಿಯದ ಹಾಗೆ ಕೈ ಅಡ್ಡ ಹಿಡಿದುಕೊಂಡೇ ಇದ್ದೆ. ಹೀಗೆ ಕಾಪಾಡಿ ತರುವುದು ನನಗೂ ಬರುತ್ತದೆ ಎಂದು ಆಗಲೇ ತಿಳಿದದ್ದು.

ಮಗು ಎಲೆಯನ್ನು ತನ್ನ ಅಂಗೈ ಮೇಲೆ ಇಟ್ಟು ಅಳತೆ ನೋಡಿತು. ಅರ್ಧ ತಿಂದು, ಅರ್ಧವನ್ನು ಅಕ್ಕನ ಬಾಯಿಗೆ ತುರುಕಿತು. ಭಾವ ಕಾರು ತೊಳೆಸಲು ಹೋಗಿದ್ದರು. ಅಕ್ಕ ಜಗಿಯುತ್ತ ಇದೆಂತದು ಎಂದು ಕೇಳಿದಳು. ಇಂಜಿನಿಯರ್ ಹೇಳಿದ್ದನ್ನು ಹೇಳಿದೆ: ಬೆಟ್ಟ, ಬಾಣಲೆ, ಉಪ್ಪಿನಲ್ಲಿ ಒಂದು ವರ್ಷ, ತೊಡೆಯ ಮೇಲೆ ಡಬ್ಬಿ.

ಅಕ್ಕ ಜಗಿಯುವುದನ್ನು ನಿಲ್ಲಿಸಿದಳು.

"ಉಪ್ಪಲ್ಲಿ ಹಾಕಿ ಇಡುವುದಾ? ನಮ್ಮ ಸೊಳೆಯ ಹಾಗೆ?"

ಹೌದು ಎಂದೆ.

"ನೋಡು ಮಾರಾಯ. ಯಾರೋ ಒಬ್ಬ, ಚಾ ಕೊಡುವವನಿಗೆ ಅಂತ ಅಷ್ಟು ದೂರದಿಂದ ಒಂದು ಎಲೆ ಮುರಿಯದ ಹಾಗೆ ತರ್ತಾನೆ. ನನ್ನ ಹೊಟ್ಟೆಯಲ್ಲಿ ಮಗು ಇರುವಾಗ ಸಹ ನಮ್ಮ ಅಮ್ಮನಿಗೆ ನೆನಪಾಗ್ಲಿಲ್ಲ ನನ್ನದು."

ಇನ್ನೂ ಏನೋ ಹೇಳಲಿಕ್ಕಿತ್ತು ಅವಳಿಗೆ. ನಾನು ನಡುವೆ ಹೇಳಿದೆ.

"ಕೊಟ್ಟಿದ್ದಳು ಅಕ್ಕ. ನಾನು ಬಿಸಾಡಿದೆ."

ಆಮೇಲೆ ಉಳಿದದ್ದನ್ನೆಲ್ಲ ಹೇಳಿದೆ. ಕೋಣೆಯವರು ನಕ್ಕದ್ದು, ತೊಟ್ಟಿ, ಅಮ್ಮನಿಗೆ ಹೇಳಿದ್ದು, ವೀಸಾದ ಸುಳ್ಳು, ನನ್ನ ಹೊಟ್ಟೆಕಿಚ್ಚು. ಅವಳು ಬೈದಿದ್ದರೆ ಕೇಳಿಸಿಕೊಳ್ಳಲು ಸಿದ್ಧನಾಗಿದ್ದೆ. ಅವಳು ಬೈಯಲಿಲ್ಲ. ಮಗುವಿನ ಎಣ್ಣೆ ಕೈಯನ್ನು ಸೆರಗಿನಿಂದ ಒರೆಸುತ್ತಲೇ ಇದ್ದಳು, ಕೈ ಸ್ವಚ್ಛವಾದ ಮೇಲೂ ಒರೆಸುತ್ತಿದ್ದಳು.

"ಯಾವುದರಲ್ಲಿ ಹಾಕಿ ಕೊಟ್ಟಿದ್ದಳು?"

"ಪ್ಲಾಸ್ಟಿಕ್ ಬಾಟ್ಲಿಯಲ್ಲಿ."

"ನೂಲು ಸುತ್ತಿದ್ದಳಾ?"

"ಬೀಡಿ ನೂಲು. ತುಂಬಾ ಸುತ್ತಿದ್ದಳು."

ಅಕ್ಕ ಅಲ್ಲಿಯೇ ಕುಳಿತಳು. ಅವಳ ಶಾಲೆಯ ಬುತ್ತಿ ಡಬ್ಬಿಗೆ ಕೊಂಡಿ ಇರಲಿಲ್ಲ, ಪುಸ್ತಕಕ್ಕೆ ಸಾರು ಚೆಲ್ಲಬಾರದೆಂದು ಅಮ್ಮ ದಿನಾ ಬೆಳಗ್ಗೆ ಬೀಡಿ ನೂಲು ಸುತ್ತಿ ಕೊಡುತ್ತಿದ್ದಳು. ಮಧ್ಯಾಹ್ನ ಅದನ್ನು ಬಿಡಿಸುವುದರಲ್ಲೇ ಊಟದ ಹೊತ್ತು ಹೋಗುತ್ತದೆ ಎಂದು ಅಕ್ಕ ಮನೆಗೆ ಬಂದು ಅಳುತ್ತಿದ್ದದ್ದು ನನಗೂ ನೆನಪಿದೆ. ಅಷ್ಟು ನೆನಪಿದ್ದೂ ನಾನು ಆ ಬಾಟಲಿಯನ್ನು ನೂಲಿನ ಸಮೇತ ಎಸೆದಿದ್ದೆ.

ಅಕ್ಕ ಎದ್ದು ಅಡುಗೆಮನೆಗೆ ಹೋದಳು. ಫೋನ್ ಹಿಡಿದುಕೊಂಡಿದ್ದಳು. ನಂಬರು ಅವಳಲ್ಲಿ ಇರಲಿಲ್ಲ, ನನ್ನನ್ನು ಕೇಳಿದಳು, ಒಂದೊಂದೇ ಅಂಕಿ ಹೇಳಿದೆ. ಸ್ಪೀಕರಿನಲ್ಲಿ ಇಟ್ಟಳು. ಯಾಕೆಂದು ಗೊತ್ತಿಲ್ಲ, ನಾನು ಕೇಳಬೇಕೆಂದು ಇರಬಹುದು.

ಅಮ್ಮ ಎತ್ತಿದಳು. ಅಕ್ಕ ತುಳುವಿನಲ್ಲಿ, "ನಾನು" ಎಂದಳು. ಆ ಕಡೆಯಿಂದ ಕಾಗೆಯ ಕೂಗು ಮಾತ್ರ ಕೇಳುತ್ತಿತ್ತು. ಈಗ ಅವಳು ಸತ್ಯ ಹೇಳುತ್ತಾಳೆ, ಅಮ್ಮ ನನ್ನ ಹೆಸರು ಹಿಡಿದು ಕೂಗುತ್ತಾಳೆ ಎಂದು ನಾನು ಫ್ರಿಜ್ಜಿನ ಪಕ್ಕ ನಿಂತಿದ್ದೆ.

"ಅವತ್ತು ಕಳಿಸಿದ್ದಿಯಲ್ಲ ಸೊಳೆ," ಎಂದಳು ಅಕ್ಕ. "ಉಪ್ಪು ಸ್ವಲ್ಪ ಜಾಸ್ತಿ ಆಗಿತ್ತು."

ಅಮ್ಮ ಗದರಿದಳು.

"ರಾತ್ರಿಯಿಡೀ ನೀರಲ್ಲಿ ಹಾಕಬೇಕು, ನಡುವೆ ಒಮ್ಮೆ ನೀರು ಬದಲಿಸಬೇಕು. ಇಷ್ಟು ಓದಿ ಅದೊಂದು ಗೊತ್ತಾಗ್ಲಿಲ್ವಾ ನಿನಗೆ?"

ಅಕ್ಕನಿಗೆ ನಗು ಬಂತು, ನಗುತ್ತಿರುವಂತೆಯೇ ಅಳು ಬಂತು. ಸ್ಪೀಕರ್ ಆರಿಸಿ, ಫೋನನ್ನು ಕಿವಿಗೆ ಹಿಡಿದು, ನನಗೆ ಹೊರಗೆ ಹೋಗು ಎಂದು ಕೈ ಮಾಡಿದಳು. ನಾನು ಮಗುವನ್ನು ಎತ್ತಿಕೊಂಡು ಅಂಗಳಕ್ಕೆ ಹೋದೆ. ಅವರು ತುಂಬ ಹೊತ್ತು ಮಾತಾಡಿದರು. ಭಾವ ಕಾರು ತೊಳೆಸಿ ಬಂದು ನನ್ನ ಪಕ್ಕ ಕೂತು, ಒಳಗೆ ಏನು ನಡೆಯುತ್ತಿದೆ ಎಂದು ಕೇಳಿದರು. ಅಮ್ಮನ ಹತ್ತಿರ ಮಾತಾಡುತ್ತಿದ್ದಾಳೆ ಎಂದೆ.

ಹೊರಡುವಾಗ ಅಕ್ಕ ಗೇಟಿನ ತನಕ ಬಂದಳು.

"ಅಮ್ಮನಿಗೆ ನೀನು ಹೇಳ್ಲಿಕ್ಕಿಲ್ಲ, ಗೊತ್ತಾಯ್ತಾ? ನಿನಗೆ ಹಗುರ ಆಗ್ಬೇಕು ಅಂತ ಅವಳ ಮೇಲೆ ಹೊರಿಸ್ಬೇಡ. ನಾನು ತಿಂದಿದ್ದೇನೆ. ಮುಗೀತು."

ಹಾಗಾಗಿ ಅಮ್ಮನಿಗೆ ಇವತ್ತಿಗೂ ಗೊತ್ತಿಲ್ಲ. ಅವಳಿಗೆ ಓದಲು ಬರುವುದಿಲ್ಲ. ಇದನ್ನು ಯಾರಾದರೂ ಓದಿ ಹೇಳಿದರೆ ಅಕ್ಕನಿಗೆ ಕೊಟ್ಟ ಮಾತು ತಪ್ಪಿದಂತೆ. ನನ್ನ ಊರಿನ ಓದುಗರು ಓದಿ ಹೇಳದೆ ಇರುವಷ್ಟು ಉಪಕಾರ ಮಾಡಬೇಕು.

ಅಕ್ಕ ನನ್ನ ಹತ್ತಿರ ಮಾತು ಬಿಡಲಿಲ್ಲ. ಶುಕ್ರವಾರದ ಊಟ ಮೊದಲಿನಂತೆಯೇ ಹಾಕಿದಳು. ಆದರೆ ಅಲ್ಲಿಂದೀಚೆಗೆ ನನ್ನ ಕೈಯಲ್ಲಿ ಏನನ್ನೂ ತರಿಸುವುದಿಲ್ಲ, ಏನನ್ನೂ ಕಳಿಸುವುದಿಲ್ಲ. ಗಲ್ಫಿನಲ್ಲಿ ಇರುವವರಿಗೆ ಇದರ ಅರ್ಥ ಹೇಳಬೇಕಾಗಿಲ್ಲ. ಇಲ್ಲಿ ಊರಿಗೆ ಹೊರಟವನ ಪೆಟ್ಟಿಗೆಯಲ್ಲಿ ಅವನ ಬಟ್ಟೆಗಿಂತ ಬೇರೆಯವರ ಪೊಟ್ಟಣವೇ ಹೆಚ್ಚು. ಪರಿಚಯವೇ ಇಲ್ಲದವರು ಸಹ ನಂಬಿ ಕೊಡುತ್ತಾರೆ.

ಆ ವರ್ಷದ ಮಳೆಗಾಲಕ್ಕೆ ಅಕ್ಕ ಮಗಳನ್ನು ಕರೆದುಕೊಂಡು ತಾನೇ ಊರಿಗೆ ಹೋದಳು. ಭಾವನೂ ಕಡೆಯ ವಾರ ಹೋಗಿ, ಅಮ್ಮನ ಕೈಯ ರೊಟ್ಟಿ ತಿಂದು ಬಂದರು. ತಿರುಗಿ ಬಂದ ಮೇಲೆ ನನಗೆ ಕರೆ ಬಂತು. ಹೋದಾಗ ಮೇಜಿನ ಮೇಲೆ ಎರಡು ಬಾಟಲಿ ಇದ್ದವು. ಎರಡಕ್ಕೂ ಬೀಡಿ ನೂಲು. ಅಕ್ಕ ಒಂದನ್ನು ನನ್ನ ಕಡೆ ತಳ್ಳಿದಳು.

"ಇದು ನಿನಗಂತೆ. ಬಸ್ಸಲ್ಲಿ ಯಾರಾದ್ರೂ ಮೂಗು ಮುಚ್ಚಿದ್ರೆ ಬಿಸಾಡ್ಬೇಡ."

ನಾನು ತೆಗೆದುಕೊಂಡೆ. ಬಸ್ಸಿನಲ್ಲಿ ಒಬ್ಬ ನಿಜವಾಗಿಯೂ ಎದ್ದು ಹಿಂದಿನ ಸೀಟಿಗೆ ಹೋದ. ಮೆಟ್ರೊದಲ್ಲಿ ಬಾಟಲಿಯನ್ನು ತೊಡೆಯ ಮೇಲೆ ನೆಟ್ಟಗೆ ಹಿಡಿದುಕೊಂಡೆ.

ನಜ್ಮಾದ ಕೋಣೆಯ ಮೂಲೆಯಲ್ಲಿ ಕೂತು ನೂಲು ಬಿಡಿಸಿದೆ. ಕತ್ತರಿಸಲು ಮನಸ್ಸಾಗಲಿಲ್ಲ, ಬಿಡಿಸಲು ತುಂಬ ಹೊತ್ತು ಹಿಡಿಯಿತು. ದೊಡ್ಡ ಪಾತ್ರೆಯಲ್ಲಿ ನೀರು ತುಂಬಿ ಸೊಳೆ ಹಾಕಿದೆ. ಅಮ್ಮ ಅಕ್ಕನಿಗೆ ಹೇಳಿದಂತೆ ನಡುವೆ ಒಮ್ಮೆ ನೀರು ಬದಲಿಸಬೇಕು. ನಾಳೆ ರುಬ್ಬಿ ಕರಿದು, ಆಫೀಸಿನ ಪ್ಯಾಂಟ್ರಿಯಲ್ಲಿ ಎಲ್ಲರಿಗೂ ಒಂದೊಂದು ಇಡುವ ಯೋಚನೆ ಇತ್ತು, ಇಂಜಿನಿಯರಿಗೂ, ಎಲೆ ಬೇಡ ಎಂದ ಬೆಂಗಳೂರಿನವರಿಗೂ.

ಕಣ್ಣೂರಿನವನು ಕೆಲಸದಿಂದ ಬಂದು ಬಾಗಿಲಲ್ಲೇ ನಿಂತ. ಮೂಗು ಮುಚ್ಚಿಕೊಂಡು, ಇದೇನು ಮತ್ತೆ ಎಂದು ಕೇಳಿದ.

"ಅಮ್ಮ ಕಳಿಸಿದ್ದು," ಎಂದೆ.